ನೀರು ಕುಡಿದಷ್ಟೂ ಬತ್ತಿದ ದೇಹ: ಕರುಳಿನ ಆಪರೇಷನ್ ನಂತರ ಒಬ್ಬ ಹಿರಿಯರ ಚೇತರಿಕೆ

ನಾನು ಮುಂಬಯಿಯ ಪೂರ್ವ ಉಪನಗರವೊಂದರಲ್ಲಿ ಫ್ಯಾಮಿಲಿ ಡಾಕ್ಟರ್. ವಯಸ್ಸಾದವರಿಗೆ ಕರುಳಿನ ದೊಡ್ಡ ಆಪರೇಷನ್ ಆದಾಗ ಮನೆಯವರ ಗಮನವೆಲ್ಲ ಹೊಲಿಗೆ ಹಾಕಿದ ಗಾಯದ ಮೇಲೆಯೇ ಇರುತ್ತದೆ. ನಿಜವಾದ ಕಷ್ಟ ಬೇರೆ ಕಡೆಯಿಂದ ಬರುತ್ತದೆ ಎಂಬುದನ್ನು ತೋರಿಸಲು ಈ ಒಂದು ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ರೋಗಿಯನ್ನು ವಾರಿಜಕ್ಕ ಎಂದು ಕರೆಯುತ್ತೇನೆ, ಅದು ಅವರ ಹೆಸರಲ್ಲ. ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ.

ಹಿನ್ನೆಲೆ

ವಾರಿಜಕ್ಕನಿಗೆ ಆಗ 74 ವರ್ಷ. ಉಡುಪಿ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದವರು. ಗಂಡ ಹೋಟೆಲ್ ಕೆಲಸದಲ್ಲಿದ್ದರು, ತೀರಿಕೊಂಡು ತುಂಬಾ ವರ್ಷ ಆಗಿತ್ತು. ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳ ಜೊತೆ ಲಿಫ್ಟ್ ಇಲ್ಲದ ಹಳೆ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ವಾಸ. ಕಿವಿ ಮಂದ, ಮೆಷಿನ್ ಹಾಕಿಕೊಳ್ಳುತ್ತಿದ್ದರು. ಬಿಪಿಗೆ ದಿನಕ್ಕೊಂದು ಮಾತ್ರೆ. ಅದರಲ್ಲಿ ಟೆಲ್ಮಿಸಾರ್ಟಾನ್ ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಕೂಡ ಸೇರಿತ್ತು. ಬಿಪಿ ಇದೆ, ಉಪ್ಪು ಕಮ್ಮಿ ಮಾಡಿ ಎಂದು ಹೇಳಿದ್ದನ್ನು ವಾರಿಜಕ್ಕ ವ್ರತದ ಹಾಗೆ ಪಾಲಿಸಿದವರು. ಹಪ್ಪಳ, ಉಪ್ಪಿನಕಾಯಿ, ಒಣಮೀನು ಎಲ್ಲ ಬಿಟ್ಟಿದ್ದರು. ಈ ಮಾತ್ರೆ, ಈ ಉಪ್ಪಿನ ವ್ರತ, ಎರಡನ್ನೂ ನೆನಪಿಡಿ.

ಮಲದಲ್ಲಿ ರಕ್ತ ಹೋಗುತ್ತಿದ್ದುದನ್ನು ಮೂಲವ್ಯಾಧಿ ಎಂದುಕೊಂಡು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸುಸ್ತು ಎಂದು ನನ್ನ ಹತ್ತಿರ ಬಂದಾಗ ಹಿಮೋಗ್ಲೋಬಿನ್ 8.6 ಇತ್ತು. ಕೊಲೊನೋಸ್ಕೋಪಿ ಮಾಡಿಸಿದಾಗ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಗಡ್ಡೆ, ಬಯಾಪ್ಸಿಯಲ್ಲಿ ಕ್ಯಾನ್ಸರ್. ಮೊದಲು ರೇಡಿಯೇಶನ್ ಮತ್ತು ಕೀಮೋ ಮಾತ್ರೆ, ಕೆಲವು ವಾರ ಬಿಟ್ಟು ಆಪರೇಷನ್ ಎಂದು ಆಸ್ಪತ್ರೆಯವರು ಹೇಳಿದರು.

ಕಾಯುವ ವಾರಗಳು

ಮಗನಿಗೆ ಈ ಕಾಯುವಿಕೆ ಸಹಿಸಲಿಲ್ಲ. "ಡಾಕ್ಟ್ರೇ, ಗಡ್ಡೆ ಒಳಗೆ ಇಟ್ಟುಕೊಂಡು ಸುಮ್ನೆ ಕೂರೋದಾ?" ಎಂದು ಕೇಳಿದರು. ರೇಡಿಯೇಶನ್ನಿನ ಪರಿಣಾಮ ಪೂರ್ತಿ ಬರಲು ಹೇಗೂ ಸಮಯ ಬೇಕು. ಆ ಸಮಯವನ್ನು ವಾರಿಜಕ್ಕನ ಮೈಗೆ ಬಲ ತುಂಬಲು ಬಳಸೋಣ ಎಂದು ತೀರ್ಮಾನಿಸಿದೆವು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟ ತೀರ್ಮಾನ ಇದೇ ಎಂದು ನನ್ನ ನಂಬಿಕೆ.

ಅವರ ತೂಕ 48 ಕಿಲೋ. ದೊಡ್ಡ ಆಪರೇಷನ್ ಎದುರಿಸುವ ಹಿರಿಯರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅಂದರೆ ವಾರಿಜಕ್ಕನಿಗೆ ಸುಮಾರು 60ರಿಂದ 70 ಗ್ರಾಂ. ಅವರು ತಿನ್ನುತ್ತಿದ್ದುದು ಅದರ ಅರ್ಧವೂ ಇರಲಿಲ್ಲ. ಬೆಳಿಗ್ಗೆ ಚಹಾದ ಜೊತೆ ಎರಡು ಬಿಸ್ಕತ್ತು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅದೇ. ಮನೆಗೆ ತಂದ ಮೀನಿನಲ್ಲಿ ನಡುವಿನ ತುಂಡು ಮಗನಿಗೆ, ಮೊಮ್ಮಗಳಿಗೆ. ತಲೆ ಮತ್ತು ಗಸಿ ಇವರಿಗೆ. ಇನ್ನು ಮೇಲೆ ನಡುವಿನ ತುಂಡು ಅತ್ತೆಗೆ ಎಂದು ಸೊಸೆ ಹೊಸ ಕಾನೂನು ಮಾಡಿದರು. ಬೆಳಿಗ್ಗೆ ಎರಡು ಮೊಟ್ಟೆ, ಸಂಜೆ ಒಂದು ಲೋಟ ಹಾಲು ಸೇರಿತು. ರಕ್ತಕ್ಕೆ ಮಾತ್ರೆ ನಂಬಿ ಕೂರದೆ ಕಬ್ಬಿಣಾಂಶವನ್ನು ನರದ ಮೂಲಕ ಕೊಡಿಸಿದೆವು. ಆಪರೇಷನ್ ಹೊತ್ತಿಗೆ ಹಿಮೋಗ್ಲೋಬಿನ್ 11ರ ಹತ್ತಿರ ಬಂತು.

ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕು ಎಂದು ನೋಡುವ ಸುಲಭ ಪರೀಕ್ಷೆ ಒಂದಿದೆ. 12 ಸೆಕೆಂಡ್ ದಾಟಿದರೆ ಬೀಳುವ ಅಪಾಯ ಜಾಸ್ತಿ ಎಂದು ಲೆಕ್ಕ. ವಾರಿಜಕ್ಕನಿಗೆ 17 ಬೇಕಾಯಿತು. ಕೈ ಊರದೆ ಕುರ್ಚಿಯಿಂದ ಏಳುವುದು, ಒಂದು ಮಹಡಿ ಇಳಿದು ಹತ್ತುವುದು, ಮೂರು ಚೆಂಡಿನ ಆ ಪ್ಲಾಸ್ಟಿಕ್ ಉಪಕರಣದಲ್ಲಿ ಉಸಿರು ಎಳೆಯುವುದು, ಇಷ್ಟೇ ಅಭ್ಯಾಸ. ಆಪರೇಷನ್ನಿಗೆ ಹೋಗುವ ವಾರ 13ಕ್ಕೆ ಇಳಿದಿತ್ತು.

ಆಸ್ಪತ್ರೆಯಲ್ಲಿ

ಆಪರೇಷನ್ ದೂರ್ಬೀನಿನ ಮೂಲಕ ನಡೆಯಿತು. ಗಡ್ಡೆ ಇದ್ದ ಭಾಗ ತೆಗೆದು, ಉಳಿದ ಕರುಳನ್ನು ಕೆಳಗೆ ಜೋಡಿಸಿದರು. ಆ ಜೋಡಣೆ ಕೂಡಿಕೊಳ್ಳುವ ತನಕ ಮಲ ಅಲ್ಲಿ ಹಾಯಬಾರದು ಎಂದು ಸಣ್ಣ ಕರುಳಿನ ಒಂದು ಸುತ್ತನ್ನು ಹೊಟ್ಟೆಯ ಬಲಗಡೆ ಹೊರತಂದು ಬಾಯಿ ಮಾಡಿದರು. ಇದೇ ಇಲಿಯೋಸ್ಟೊಮಿ. ಅದರ ಮೇಲೆ ಮಲ ಸೇರಲು ಒಂದು ಬ್ಯಾಗು. ಕೆಲವು ತಿಂಗಳ ಮಟ್ಟಿಗೆ ಎಂದು ಮೊದಲೇ ಹೇಳಿದ್ದರು.

ಹಿಂದೆ ಇಂಥ ಆಪರೇಷನ್ ಆದವರನ್ನು ದಿನಗಟ್ಟಲೆ ಉಪವಾಸ ಇಟ್ಟು, ಮೂಗಿಗೆ ನಳಿಗೆ ಹಾಕಿ ಮಲಗಿಸುತ್ತಿದ್ದರು. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಈ ಪದ್ಧತಿಯನ್ನೇ ಪ್ರಶ್ನಿಸಿದರು. ಆಪರೇಷನ್ನಿಗೆ ಎರಡು ಗಂಟೆ ಮೊದಲಿನ ತನಕ ತಿಳಿಯಾದ ಪಾನೀಯ, ಬೇಗ ಊಟ, ಬೇಗ ನಡಿಗೆ, ಮಂಪರು ತರುವ ನೋವಿನ ಮದ್ದು ಆದಷ್ಟು ಕಡಿಮೆ ಎಂಬ ಕ್ರಮ ಅಲ್ಲಿಂದ ಬೆಳೆಯಿತು. ವಾರಿಜಕ್ಕನಿಗೂ ಅದೇ ಕ್ರಮ. ಮರುದಿನ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಇಡ್ಲಿ ತಿಂದ ಫೋಟೊ ಮೊಮ್ಮಗಳು ಕಳಿಸಿದಳು.

ಎರಡನೇ ರಾತ್ರಿ ಎಲ್ಲ ಬದಲಾಯಿತು. ಕೊಟ್ಟಿಗೆಯಲ್ಲಿ ದನ ಬಿಚ್ಚಿಕೊಂಡಿದೆ, ಯಾರೂ ಕೇಳುವವರಿಲ್ಲ ಎಂದು ಕೂಗಾಡಿದರಂತೆ. ಸಲೈನ್ ಸೂಜಿ ಎಳೆಯಲು ಹೋದರು. ಕೈ ಕಟ್ಟಬೇಕು, ಇಲ್ಲವೇ ನಿದ್ದೆಯ ಇಂಜೆಕ್ಷನ್ ಕೊಡಬೇಕು ಎನ್ನುವ ಹಂತಕ್ಕೆ ಬಂತು. ಮಗ ಗಾಬರಿಯಿಂದ ನನಗೆ ಫೋನ್ ಮಾಡಿ, "ಅಮ್ಮನಿಗೆ ತಲೆ ಕೆಟ್ಟಿತಾ ಡಾಕ್ಟ್ರೇ?" ಎಂದರು.

ತಲೆ ಕೆಟ್ಟದ್ದಲ್ಲ. ಇದಕ್ಕೆ ಡೆಲಿರಿಯಮ್ ಎನ್ನುತ್ತಾರೆ. ದೊಡ್ಡ ಆಪರೇಷನ್ ನಂತರ ಹಿರಿಯರಲ್ಲಿ ಸಾಮಾನ್ಯವಾಗಿ ಕಾಣುವ, ಹಠಾತ್ತಾಗಿ ಬರುವ ಗೊಂದಲ. ನೋವು, ಸೋಂಕು, ಕಟ್ಟಿದ ಮೂತ್ರ, ನಿದ್ದೆಗೇಡು, ಕೆಲವು ಮದ್ದು, ಇವು ಕಾರಣ. ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು ಕೂಡ ದೊಡ್ಡ ಕಾರಣ. ಅಮ್ಮನ ಕಿವಿ ಮೆಷಿನ್ ಎಲ್ಲಿ ಎಂದು ಮಗನನ್ನು ಕೇಳಿದೆ. ಆಪರೇಷನ್ ಥಿಯೇಟರಿಗೆ ಹೋಗುವಾಗ ತೆಗೆದು ಕೊಟ್ಟದ್ದು ಮಗನ ಹೆಗಲ ಬ್ಯಾಗಿನಲ್ಲೇ, ಕನ್ನಡಕದ ಜೊತೆ ಇತ್ತು!

ಬೆಳಿಗ್ಗೆ ಡ್ಯೂಟಿ ಡಾಕ್ಟರ್ ಚೆನ್ನಾಗಿ ಪರೀಕ್ಷೆ ಮಾಡಿದರು. ಸೋಂಕು ಕಾಣಲಿಲ್ಲ. ಟ್ರಮಡಾಲ್ ಎಂಬ ಮಂಪರು ತರುವ ನೋವಿನ ಮದ್ದು ನಿಲ್ಲಿಸಿ ಪ್ಯಾರಾಸಿಟಮಾಲ್ ಮೇಲೆ ಇಟ್ಟರು, ಮೂತ್ರದ ನಳಿಗೆ ತೆಗೆಸಿದರು. ಗಮನ ನಿಲ್ಲುತ್ತದೆಯೇ ಎಂದು ನೋಡಲು ತಿಂಗಳುಗಳ ಹೆಸರನ್ನು ಹಿಂದಿನಿಂದ ಹೇಳಿಸುವ ಪರೀಕ್ಷೆ ಇದೆ. ಹಿಂದಿಯಲ್ಲಿ ಕೇಳಿದರೆ ವಾರಿಜಕ್ಕ ಸುಮ್ಮನೆ ನೋಡುತ್ತಿದ್ದರು. ಮೊಮ್ಮಗಳು ವಾರದ ಹೆಸರನ್ನು ಕನ್ನಡದಲ್ಲಿ ಕೇಳಿದಳು. ಶನಿವಾರ, ಶುಕ್ರವಾರ ಎಂದು ಶುರು ಮಾಡಿ ಮತ್ತೆ ಶನಿವಾರಕ್ಕೇ ಬಂದು ನಿಂತರು. ಅಂದರೆ ಗೊಂದಲ ನಿಜವಾಗಿಯೂ ಇತ್ತು. ಆದರೆ ಅದನ್ನು ಅಳೆಯಲು ಅವರ ಭಾಷೆಯೇ ಬೇಕಾಯಿತು. ಅಂದಿನಿಂದ ರಾತ್ರಿ ಮನೆಯವರೊಬ್ಬರು ಜೊತೆಗಿರಲು ಆಸ್ಪತ್ರೆ ಒಪ್ಪಿತು. ಕಿವಿಗೆ ಮೆಷಿನ್, ಕಣ್ಣಿಗೆ ಕನ್ನಡಕ, ಹಗಲು ಕಿಟಕಿಯ ಪರದೆ ತೆರೆದು ಬೆಳಕು, ರಾತ್ರಿ ದೀಪ ಆರಿಸಿ ನಿದ್ದೆ. ಕೈ ಕಟ್ಟಲಿಲ್ಲ, ಇಂಜೆಕ್ಷನ್ ಕೊಡಲಿಲ್ಲ. ನಾಲ್ಕು ದಿನದಲ್ಲಿ ತಿಳಿಯಾದರು. ಎಂಟನೇ ದಿನ ಮನೆಗೆ ಕಳಿಸಿದರು.

ಮನೆಗೆ ಬಂದ ಮೇಲೆ

ಮೂರು ಮಹಡಿ ಹತ್ತಿಸಲು ಇಬ್ಬರು ಹುಡುಗರು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು. ಮೊದಲ ವಾರ ಚೆನ್ನಾಗಿಯೇ ಇತ್ತು. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಕೊಡಬೇಕಾದ ಇಂಜೆಕ್ಷನ್ ಕೊಡುವುದನ್ನು ಮಗ ಕಲಿತರು. ಬ್ಯಾಗಿಗೆ ಬರುತ್ತಿದ್ದುದು ಅಂಬಲಿಯಷ್ಟು ಗಟ್ಟಿ ಇತ್ತು, ದಿನಕ್ಕೆ ಮುಕ್ಕಾಲು ಲೀಟರಿನ ಆಸುಪಾಸು. ಇಲಿಯೋಸ್ಟೊಮಿಗೆ ಅಷ್ಟು ಸರಿಯೇ.

ಎರಡನೇ ವಾರ ಅಕ್ಟೋಬರ್ ಸೆಕೆ ಶುರುವಾಯಿತು. ನೋಡಲು ಬಂದವರು ಬೊಂಡ (ಎಳನೀರು) ತಂದರು, ಮೂಸಂಬಿ ತಂದರು. ಬ್ಯಾಗಿಗೆ ಬರುವುದು ನೀರಾಯಿತು. ನೀರು ಹೋದರೆ ನೀರು ಕುಡಿಸಬೇಕು, ಇದು ಯಾರಿಗಾದರೂ ತೋಚುವ ಮಾತು. ಡಿಸ್ಚಾರ್ಜ್ ಕಾರ್ಡಿನಲ್ಲೂ ನೀರು ಜಾಸ್ತಿ ಕುಡಿಯಿರಿ ಎಂದಿತ್ತು, ಬಿಪಿ ಮಾತ್ರೆ ಮುಂದುವರಿಸಿ ಎಂದೂ ಇತ್ತು. ಮಗ ಮೆಡಿಕಲ್ ಸ್ಟೋರಿನಿಂದ ಓಆರ್‌ಎಸ್ ಎಂದು ಬರೆದ ಸಿಹಿ ಪಾನೀಯದ ಡಬ್ಬಿಗಳನ್ನು ತಂದರು. ಅದರಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಕಮ್ಮಿ. (ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆದೇಶ ಹೊರಡಿಸಿದ್ದು 2025ರ ಅಕ್ಟೋಬರಿನಲ್ಲಿ. ಈ ಪ್ರಕರಣ ಅದಕ್ಕಿಂತ ಮೊದಲಿನದು.) ಇತ್ತ ವಾರಿಜಕ್ಕ ಬ್ಯಾಗು ಬೇಗ ತುಂಬಬಾರದು ಎಂದು ಊಟವನ್ನೇ ಕಮ್ಮಿ ಮಾಡಿದರು. ಅದನ್ನು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕುಸಿದರು. ಸೊಸೆ ನನ್ನನ್ನು ಕರೆಸಿದರು. ನಾಲಿಗೆ ಒಣಗಿತ್ತು, ಕಾಲಿನ ಮೀನಖಂಡ ಹಿಡಿದುಕೊಂಡಿತ್ತು. ಮಲಗಿದ್ದಾಗ ಬಿಪಿ 104, ಎಬ್ಬಿಸಿ ಕೂರಿಸಿದರೆ 78. ಫ್ರಿಜ್ ಮೇಲೆ ಸೊಸೆ ಇಟ್ಟಿದ್ದ ಒಂದು ಹಳೆ ಶಾಲೆ ನೋಟ್‌ಬುಕ್ ಇತ್ತು. ಎಡಗಡೆ ಕುಡಿದದ್ದು, ಬಲಗಡೆ ಬ್ಯಾಗಿನಿಂದ ಖಾಲಿ ಮಾಡಿದ್ದು. ಹಿಂದಿನ ದಿನದ ಲೆಕ್ಕ ಹೀಗಿತ್ತು: ನೀರು, ಚಹಾ, ಬೊಂಡ, ಜ್ಯೂಸ್ ಎಲ್ಲ ಸೇರಿ ಸುಮಾರು 4 ಲೀಟರ್ ಒಳಗೆ. ಬ್ಯಾಗಿಗೆ ಎರಡೂವರೆ ಲೀಟರ್ ಹೊರಗೆ. ಕೆಳಗೆ ಪೆನ್ಸಿಲಿನಲ್ಲಿ, "ಮೂತ್ರ ಎರಡೇ ಸಲ, ಕೆಂಪು ಬಣ್ಣ." ಪುಟ ಹಿಂದೆ ತಿರುಗಿಸಿದರೆ ಕುಡಿದದ್ದು ಏರಿದ ದಿನವೇ ಬ್ಯಾಗಿನ ಅಳತೆಯೂ ಏರಿತ್ತು. ರೋಗ ಏನು ಎಂದು ಹೇಳಿದ್ದು ಆ ನೋಟ್‌ಬುಕ್ಕೇ.

ಆಸ್ಪತ್ರೆಗೆ ಸೇರಿಸಿದಾಗ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಅಂಶ) 2.3. ಆಪರೇಷನ್ನಿಗೆ ಮೊದಲು 0.9 ಇತ್ತು. ಸೋಡಿಯಂ 127ಕ್ಕೆ ಇಳಿದಿತ್ತು, ಪೊಟ್ಯಾಸಿಯಂ 5.7ಕ್ಕೆ ಏರಿತ್ತು. ಕಿಡ್ನಿಗೆ ಪೆಟ್ಟು ಬಿದ್ದಿತ್ತು.

ಹೀಗೆ ಯಾಕಾಯಿತು?

ಮಲದಲ್ಲಿರುವ ಉಪ್ಪು ನೀರನ್ನು ಮರಳಿ ರಕ್ತಕ್ಕೆ ಎಳೆದುಕೊಳ್ಳುವ ಕೊನೆಯ ಜಾಗ ದೊಡ್ಡ ಕರುಳು. ದಿನಕ್ಕೆ ಒಂದು ಲೀಟರಿಗೂ ಜಾಸ್ತಿ ನೀರನ್ನು ಅದು ಹೀಗೆ ದೇಹಕ್ಕೆ ಉಳಿಸಿಕೊಡುತ್ತದೆ. ಇಲಿಯೋಸ್ಟೊಮಿ ಇದ್ದವರಲ್ಲಿ ಮಲ ಅಲ್ಲಿಗೆ ಹೋಗುವುದೇ ಇಲ್ಲ. ಹಾಗಾಗಿ ಬ್ಯಾಗಿಗೆ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಬರೀ ನೀರು, ಚಹಾ, ಎಳನೀರು, ಜ್ಯೂಸ್ ಹೊಟ್ಟೆಗೆ ಸುರಿದರೆ, ಅವುಗಳಲ್ಲಿ ಸೋಡಿಯಂ ಕಮ್ಮಿ ಇರುವುದರಿಂದ, ಸಣ್ಣ ಕರುಳಿನ ಗೋಡೆಯಿಂದ ದೇಹದ ಸೋಡಿಯಂ ಕರುಳಿನೊಳಗೆ ಸೋರುತ್ತದೆ. ಅದರ ಬೆನ್ನಿಗೆ ನೀರೂ ಸೋರುತ್ತದೆ. ಕುಡಿದಷ್ಟೂ ಬ್ಯಾಗು ತುಂಬುತ್ತದೆ, ಬಾಯಾರಿಕೆ ಏರುತ್ತದೆ, ಮತ್ತೆ ಕುಡಿಯುತ್ತಾರೆ.

ಇದರ ಮೇಲೆ ಬಿಪಿ ಮಾತ್ರೆ. ಅದರಲ್ಲಿದ್ದ ಒಂದು ಮದ್ದು ಮೂತ್ರದಲ್ಲಿ ಉಪ್ಪು ಕಳೆಯುತ್ತಿತ್ತು. ಇನ್ನೊಂದು, ದೇಹ ಬತ್ತಿದಾಗ ಕಿಡ್ನಿ ತನ್ನನ್ನು ಕಾಪಾಡಿಕೊಳ್ಳುವ ದಾರಿಯನ್ನೇ ಮುಚ್ಚುತ್ತಿತ್ತು, ಪೊಟ್ಯಾಸಿಯಂ ಏರಿಸುತ್ತಿತ್ತು. ಎಳನೀರಿನಲ್ಲಿ ಪೊಟ್ಯಾಸಿಯಂ ಬೇರೆ ಧಾರಾಳ. ಪ್ರೀತಿಯಿಂದ ಕೊಟ್ಟ ಬೊಂಡ, ವರ್ಷಗಟ್ಟಲೆ ಒಳ್ಳೆಯದು ಮಾಡಿದ ಮಾತ್ರೆ, ಶಿಸ್ತಿನಿಂದ ಬಿಟ್ಟ ಉಪ್ಪು, ಮೂರೂ ಒಟ್ಟಿಗೆ ತಿರುಗಿಬಿದ್ದವು. ಇಲಿಯೋಸ್ಟೊಮಿ ಆದವರು ಮತ್ತೆ ಆಸ್ಪತ್ರೆ ಸೇರಲು ಮುಖ್ಯ ಕಾರಣಗಳಲ್ಲಿ ಒಂದು ಹೀಗೆ ದೇಹ ಬತ್ತುವುದೇ.

ಎರಡನೇ ಸಲದ ತೀರ್ಮಾನಗಳು

ಸಲೈನ್ ಕೊಟ್ಟ ಮೂರು ದಿನದಲ್ಲಿ ಕ್ರಿಯಾಟಿನಿನ್ ಇಳಿಯತೊಡಗಿತು. ಬಿಪಿ ಮಾತ್ರೆ ಪೂರ್ತಿ ನಿಲ್ಲಿಸಿದರು. ಬರೀ ನೀರು, ಚಹಾ ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್ ದಾಟಬಾರದು ಎಂದರು. ಬಾಕಿ ಬಾಯಾರಿಕೆಗೆ ಉಪ್ಪು ಗ್ಲುಕೋಸ್ ನೀರು. ಸೋಡಿಯಂ ಮತ್ತು ಗ್ಲುಕೋಸ್ ಸಣ್ಣ ಕರುಳಿನಲ್ಲಿ ಒಟ್ಟಿಗೆ ಒಳಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಾಲನಬೀಸ್ ಸಾವಿರಾರು ಜನರನ್ನು ಉಳಿಸಿದ್ದು ಇದೇ ತತ್ವದಿಂದ. ಪೊಟ್ಯಾಸಿಯಂ ಏರಿದ್ದರಿಂದ ವಾರಿಜಕ್ಕನಿಗೆ ಪೊಟ್ಯಾಸಿಯಂ ಇಲ್ಲದ ಮಿಶ್ರಣ ಹೇಳಿದರು: ಒಂದು ಲೀಟರ್ ನೀರಿಗೆ ಗ್ಲುಕೋಸ್ 20 ಗ್ರಾಂ, ಉಪ್ಪು 3.5 ಗ್ರಾಂ, ಅಡುಗೆ ಸೋಡ 2.5 ಗ್ರಾಂ. ಇದು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಸೂತ್ರ. ಇದನ್ನು ಡಾಕ್ಟರ್ ಹೇಳದೆ ಯಾರೂ ತಾವಾಗಿ ಶುರು ಮಾಡಬಾರದು, ಹಾರ್ಟ್ ತೊಂದರೆ ಇದ್ದವರಂತೂ ಖಂಡಿತ ಬೇಡ. ಕರುಳಿನ ಓಟ ನಿಧಾನ ಮಾಡುವ ಲೋಪೆರಮೈಡ್ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು. ಬ್ಯಾಗಿನ ಅಳತೆ ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ಅದೇ ದಿನ ಫೋನ್.

ಕಷ್ಟವಾದದ್ದು ವಾರಿಜಕ್ಕನನ್ನು ಒಪ್ಪಿಸುವುದು. "ಎಂತ ಡಾಕ್ಟ್ರೇ, ಇಷ್ಟು ವರ್ಷ ಉಪ್ಪು ಬಿಡಿ ಬಿಡಿ ಅಂದ್ರಿ, ಈಗ ತಿನ್ನಿ ಅಂತೀರಿ. ನೀರು ಕುಡಿಬೇಡಿ ಅಂತೀರಿ. ಯಾವುದು ನಿಜ?" ಎಂದರು. ಎರಡೂ ನಿಜ ಅಮ್ಮ, ಅದು ಬ್ಯಾಗು ಇಲ್ಲದ ಹೊಟ್ಟೆಗೆ, ಇದು ಬ್ಯಾಗು ಇರುವಷ್ಟು ದಿನ ಎಂದೆ. ಉಪ್ಪು ಸೋಡದ ನೀರು ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಕೊಟ್ಟರೆ ಸ್ವಲ್ಪ ಪರವಾಗಿಲ್ಲ.

ದಾರಿ ತೋರಿಸಿದ್ದು ಗಂಜಿ. ಕುಚ್ಚಲಕ್ಕಿ ಗಂಜಿಯನ್ನು ಚೆನ್ನಾಗಿ ಮೆತ್ತಗೆ ಬೇಯಿಸಿ, ತಿಳಿಯ ಸಮೇತ, ಧಾರಾಳ ಉಪ್ಪು ಹಾಕಿ ಕೊಡಿ ಎಂದು ಡಯಟೀಷಿಯನ್ ಹತ್ತಿರ ಮಾತಾಡಿ ಹೇಳಿದೆ. ಅಕ್ಕಿಯ ಪಿಷ್ಟ ಒಡೆದು ಗ್ಲುಕೋಸ್ ಆಗುತ್ತದೆ, ಉಪ್ಪು ಜೊತೆಗಿರುತ್ತದೆ, ಬ್ಯಾಗಿಗೆ ಬರುವುದೂ ಗಟ್ಟಿಯಾಗುತ್ತದೆ. ಉಪ್ಪಿನಕಾಯಿಯ ಮಾವಿನ ಮಿಡಿ ಬೇಡ, ಅದರ ರಸ ಮಾತ್ರ ನೆಕ್ಕಲು. ತೆಂಗಿನ ತುರಿ, ನೆಲಗಡಲೆ, ಹಲಸು, ನಾರಿನ ತರಕಾರಿ ಹೊಟ್ಟೆಯ ಮೇಲೆ ಮಾಡಿದ ಆ ಬಾಯಿಗೆ, ಅಂದರೆ ಸ್ಟೋಮಾಕ್ಕೆ, ಅಡ್ಡ ಸಿಕ್ಕಿಕೊಳ್ಳಬಹುದು, ಆದ್ದರಿಂದ ಆ ತಿಂಗಳುಗಳಲ್ಲಿ ಚಟ್ನಿ ಪಲ್ಯಕ್ಕೆ ರಜೆ. ದಿನಕ್ಕೆ ಮೂರು ಸಲ ಗಂಜಿ, ನಡುವೆ ಮೊಟ್ಟೆ, ಮುಳ್ಳು ತೆಗೆದ ಮೀನು. ಮದ್ದಿನ ನೀರು ಬೇಡ ಎಂದವರು ಗಂಜಿಯ ಬಟ್ಟಲು ಖಾಲಿ ಮಾಡಿದರು. ವಾರದೊಳಗೆ ಬ್ಯಾಗಿನ ಅಳತೆ ಒಂದು ಲೀಟರಿನ ಕೆಳಗೆ ಬಂತು.

ಬ್ಯಾಗು, ಮೆಟ್ಟಿಲು

ಅಷ್ಟರಲ್ಲಿ ತೂಕ 42 ಕಿಲೋ ಆಗಿತ್ತು. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ಅಮೆರಿಕದಲ್ಲಿ ಮಾಡಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕಾಲಿನ ಮಾಂಸಖಂಡ ಸುಮಾರು ಒಂದು ಕಿಲೋ ಕರಗಿತ್ತು. ವಾರಿಜಕ್ಕ ಮಲಗಿದ್ದು ಅದಕ್ಕಿಂತ ಜಾಸ್ತಿ, ಅದೂ ಊಟ ಬಿಟ್ಟು.

ಮನಸ್ಸಿನ ಕಷ್ಟ ಬೇರೆ ಇತ್ತು. ಅವರು ದೇವರ ದೀಪ ಹಚ್ಚುವುದನ್ನು ಬಿಟ್ಟಿದ್ದರು, ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಮೈಯಲ್ಲಿ ಇಂಥದ್ದು ಕಟ್ಟಿಕೊಂಡು ಹೇಗೆ ಹೋಗುವುದು ಎನ್ನುತ್ತಿದ್ದರು. ಬ್ಯಾಗು ಬದಲಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಎಲ್ಲವನ್ನೂ ಸೊಸೆಯೇ ಮಾಡಬೇಕು. ಸ್ಟೋಮಾ ನರ್ಸ್ ಮನೆಗೆ ಬಂದು ಒಂದೊಂದೇ ಕೆಲಸ ಇವರ ಕೈಯಲ್ಲೇ ಮಾಡಿಸಿದರು. ಮೊದಲು ಬರೀ ಕ್ಲಿಪ್ ತೆಗೆದು ಖಾಲಿ ಮಾಡುವುದು. ಆಮೇಲೆ ಚರ್ಮ ಒರೆಸುವುದು. ಕೊನೆಗೆ ಬ್ಯಾಗಿನ ತಟ್ಟೆಯನ್ನು ಚರ್ಮಕ್ಕೆ ಅಂಟಿಸುವುದು. ಆಸ್ಟೊಮಿ ಅಸೋಸಿಯೇಶನ್ ಆಫ್ ಇಂಡಿಯಾ ಮುಂಬಯಿಯಲ್ಲೇ ಇದೆ, ಇಂಥವರಿಗೆ ಅದು ದೊಡ್ಡ ಆಸರೆ. ನಾನು ಇನ್ನೊಂದು ಕೆಲಸ ಮಾಡಿದೆ. ನನ್ನ ಇನ್ನೊಬ್ಬ ರೋಗಿ, ವರ್ಷಗಳಿಂದ ಬ್ಯಾಗು ಇರುವ ಹೆಂಗಸು, ಅವರ ಒಪ್ಪಿಗೆ ಕೇಳಿ ಇವರ ಮನೆಗೆ ಕಳಿಸಿದೆ. ಇಬ್ಬರೂ ತುಳುವಿನಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿದರು. ಏನು ಮಾತಾಡಿದರು ಎಂದು ನಾನು ಕೇಳಿಲ್ಲ. ಮುಂದಿನ ಶುಕ್ರವಾರ ವಾರಿಜಕ್ಕ ದೀಪ ಹಚ್ಚಿದರು ಎಂದು ಸೊಸೆ ಹೇಳಿದರು.

ನಡಿಗೆಗೆ ಗುರಿ ಇಟ್ಟದ್ದು ಮೆಟ್ಟಿಲು. ಮನೆಯೊಳಗೆ ಎಷ್ಟು ನಡೆದರೂ ಕೆಳಗಿಳಿಯಲು ಆಗದಿದ್ದರೆ ಆ ಬಿಲ್ಡಿಂಗಿನಲ್ಲಿ ಅದು ಸೆರೆವಾಸವೇ. ಕೆಳಗಿನ ಮನೆಯ ಮರಾಠಿ ಆಯಿ ತಮ್ಮ ಬಾಗಿಲ ಹತ್ತಿರ ಒಂದು ಸ್ಟೂಲ್ ಇಟ್ಟರು. ಒಂದು ಮಹಡಿ ಇಳಿ, ಅಲ್ಲಿ ಕೂತು ಮಾತಾಡು, ಮತ್ತೆ ಹತ್ತು. ಹೊಟ್ಟೆ ಬಿಗಿ ಹಿಡಿದು ಭಾರ ಎತ್ತುವುದು ಮಾತ್ರ ಪೂರ್ತಿ ನಿಷೇಧ, ಸ್ಟೋಮಾದ ಪಕ್ಕ ಹರ್ನಿಯಾ ಆಗಬಹುದು.

ಬ್ಯಾಗು ಯಾವಾಗ ತೆಗೆಸುವುದು?

ಮೂರು ತಿಂಗಳಿಗೆ ಎಕ್ಸ್‌ರೇ ಮಾಡಿ ನೋಡಿದಾಗ ಒಳಗಿನ ಜೋಡಣೆ ಚೆನ್ನಾಗಿ ಕೂಡಿಕೊಂಡಿತ್ತು. ಮನೆಯವರಿಗೆ ನಾಳೆಯೇ ಆಗಲಿ ಎಂಬ ಆತುರ. ಆದರೆ ತೂಕ ಇನ್ನೂ 43. ಸರ್ಜನ್ ಎರಡೂ ಕಡೆಯ ಮಾತನ್ನು ಮುಂದಿಟ್ಟರು: ಬ್ಯಾಗು ಇರುವಷ್ಟು ದಿನ ಕಿಡ್ನಿಗೆ ಅಪಾಯ, ಬಲವಿಲ್ಲದ ಮೈಗೆ ಇನ್ನೊಂದು ಆಪರೇಷನ್ ಕೂಡ ಅಪಾಯ. ಕಿಡ್ನಿ ಪರೀಕ್ಷೆ ಎರಡು ವಾರಕ್ಕೊಮ್ಮೆ ಮಾಡಿಸುತ್ತಾ ಕಾಯುವುದು ಎಂದಾಯಿತು. ಇನ್ನಷ್ಟು ಕೀಮೋ ಕೊಡುವ ವಿಷಯವೂ ಚರ್ಚೆಗೆ ಬಂತು. ತೆಗೆದ ಗ್ರಂಥಿಗಳಲ್ಲಿ ಕ್ಯಾನ್ಸರ್ ಇರಲಿಲ್ಲ, ಕಿಡ್ನಿ ಈಗಷ್ಟೇ ಸುಧಾರಿಸಿತ್ತು, ಬೇಡ ಎಂದು ತಜ್ಞರೂ ವಾರಿಜಕ್ಕನೂ ಒಪ್ಪಿದರು. ಐದೂವರೆ ತಿಂಗಳಿಗೆ, ತೂಕ 46 ಇದ್ದಾಗ, ಸ್ಟೋಮಾ ಮುಚ್ಚಿದರು. ಈ ಸಲ ಕಿವಿ ಮೆಷಿನ್ನನ್ನು ಮೊಮ್ಮಗಳು ಕೈಯಲ್ಲೇ ಹಿಡಿದುಕೊಂಡು ಥಿಯೇಟರ್ ಬಾಗಿಲಲ್ಲಿ ನಿಂತಿದ್ದಳು. ಎಚ್ಚರವಾದ ತಕ್ಷಣ ಹಾಕಿದರು. ಗೊಂದಲ ಬರಲಿಲ್ಲ.

ಬ್ಯಾಗು ಹೋದರೆ ಎಲ್ಲ ಮೊದಲಿನ ಹಾಗೆ ಎಂದುಕೊಂಡಿದ್ದವರಿಗೆ ನಿರಾಸೆ ಕಾದಿತ್ತು. ಮಲ ಹಿಡಿದಿಡುವ ಚೀಲದಂಥ ಭಾಗವೇ ಹೋಗಿರುವಾಗ ಆರಂಭದಲ್ಲಿ ದಿನಕ್ಕೆ ಹತ್ತು ಹನ್ನೆರಡು ಸಲ ಓಡಬೇಕಾಯಿತು, ತಡೆಯಲು ಆಗುತ್ತಿರಲಿಲ್ಲ. ಇದನ್ನು ಮುಂಚೆಯೇ ವಿವರವಾಗಿ ಹೇಳಬೇಕು, ಎಲ್ಲ ಮನೆಯವರಿಗೂ. ಗುದದ ಸ್ನಾಯು ಬಿಗಿ ಮಾಡುವ ವ್ಯಾಯಾಮ, ಲೋಪೆರಮೈಡ್, ಇಸಬ್ಗೋಲ್, ಚರ್ಮಕ್ಕೆ ಮುಲಾಮು ಇಟ್ಟುಕೊಂಡು ತಿಂಗಳುಗಳಲ್ಲಿ ಅದು ನಾಲ್ಕೈದಕ್ಕೆ ಇಳಿಯಿತು.

60 ದಾಟಿದವರ ಹೊಟ್ಟೆಯ ದೊಡ್ಡ ಆಪರೇಷನ್ ಬಗ್ಗೆ ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನಾನು ಮನೆಯವರಿಗೆ ಆಗಾಗ ಹೇಳುತ್ತೇನೆ. ಸ್ನಾನ, ಬಟ್ಟೆಯಂಥ ಸ್ವಂತ ಕೆಲಸಕ್ಕೆ ಮರಳಲು ಸುಮಾರು ಮೂರು ತಿಂಗಳು, ಅಡುಗೆ, ಅಂಗಡಿ, ದುಡ್ಡಿನ ವ್ಯವಹಾರಕ್ಕೆ ಆರು ತಿಂಗಳು ಹಿಡಿಯಿತು. ಕೈಯ ಹಿಡಿತದ ಬಲ ಆರು ತಿಂಗಳಾದರೂ ಮೊದಲಿನಷ್ಟು ಬಂದಿರಲಿಲ್ಲ. ಹದಿನೈದು ದಿನದಲ್ಲಿ ಎದ್ದು ಓಡಾಡಬೇಕು ಎಂದು ಕಾಯುವವರಿಗೆ ಈ ಲೆಕ್ಕ ಗೊತ್ತಿದ್ದರೆ ಹಿರಿಯರ ಮೇಲೆ ಸಿಡುಕುವುದು ಕಮ್ಮಿಯಾಗುತ್ತದೆ.

ಈ ಪ್ರಕರಣದ ನಂತರ, ಇಲಿಯೋಸ್ಟೊಮಿ ಆಗಿ ಬರುವ ಪ್ರತಿ ಹಿರಿಯರ ಡಿಸ್ಚಾರ್ಜ್ ಕಾರ್ಡನ್ನು ಮನೆಗೆ ಬಂದ ದಿನವೇ ಫೋಟೊ ತೆಗೆದು ಕಳಿಸಲು ಹೇಳುತ್ತೇನೆ. ಮೊದಲು ನೋಡುವುದು ಬಿಪಿ, ಮೂತ್ರದ ಮಾತ್ರೆಗಳನ್ನು. ಅವನ್ನು ಮುಂದುವರಿಸಬೇಕೇ ಎಂದು ಸರ್ಜನ್ ಹತ್ತಿರ ಮಾತಾಡಿಯೇ ಮುಂದಿನ ಹೆಜ್ಜೆ. ವಾರದೊಳಗೆ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ. ಒಂದು ಅಳತೆಯ ಜಗ್ಗು, ಒಂದು ನೋಟ್‌ಬುಕ್.

ವಾರಿಜಕ್ಕನಿಗೆ ಸ್ಟೋಮಾ ಮುಚ್ಚಿದ ಮೇಲೆ ಬಿಪಿ ಮೆಲ್ಲಗೆ ಏರಿತು, ಬೇರೆ ಮಾತ್ರೆ ಸಣ್ಣ ಪ್ರಮಾಣದಲ್ಲಿ ಶುರು ಮಾಡಿದ್ದೇವೆ, ಗಂಜಿಗೆ ಉಪ್ಪು ಮತ್ತೆ ಇಳಿದಿದೆ. ಕ್ರಿಯಾಟಿನಿನ್ 1.1ಕ್ಕೆ ನಿಂತಿದೆ, ಹಳೆಯ 0.9ಕ್ಕೆ ಮರಳಿಲ್ಲ. ಮೂರೂ ಮಹಡಿ ಇಳಿದು ಮೀನು ಮಾರುಕಟ್ಟೆಯ ತನಕ ಹೋಗುತ್ತಾರೆ, ಚೀಲ ಮಾತ್ರ ಮೊಮ್ಮಗಳೇ ಹೊರಬೇಕು. ಊರಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಹೋಗುವ ಆಸೆ ಇದೆ, ಆದರೆ ರಾತ್ರಿಯಿಡೀ ರೈಲಿನ ಶೌಚಾಲಯವನ್ನು ನಂಬಿಕೊಂಡು ಹೋಗುವ ಧೈರ್ಯ ಇನ್ನೂ ಬಂದಿಲ್ಲ.